ಬೆತ್ತಲೆ ಕೌದಿ

ಕಿರುಗದ್ದೆ, ಯಲ್ಲಾಪುರ ತಾಲೂಕು
೧೧-೨-೧೯೯೭

ಎರಡೇ ಸಾಲಿನ ಪತ್ರ ಬರೆಯುವ ನನ್ನ ಜಿಪುಣಿ ಮಗಳು ಚಂದ್ರಿಗೆ ಆಯಿಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಪ್ಪನ ಮಂಡಿನೋವು ಕುಣಿತಕ್ಕೆ ಡಮಾಮಿ ಬಾರಿಸುವ ಸದ್ದು ಕೇಳಿದರೆ ಮಾಯವಾಗುತ್ತದೆ, ಸೌದೆ ಒಡೆಯಲು ಕರೆದರೆ ವಾಪಸು ಬರುತ್ತದೆ.

'ಹುಟ್ಟುವ ಮಗುವಿನ ಕೌದಿಯ ನಡುವೆ ಪುತ್ಲಜ್ಜಿಯ ಹಸಿರು ಸೀರೆ ಇರಲೇಬೇಕು, ಮಗು ಅವಳ ಮಡಿಲಲ್ಲೇ ಮಲಗಲಿ' ಎಂದು ನೀನು ಕಾರವಾರದಲ್ಲಿ ಕುಳಿತು ಸುಲಭವಾಗಿ ಬರೆದುಬಿಟ್ಟೆ. ನನ್ನ ಅತ್ತೆ ಪುತ್ಲಜ್ಜಿ ತೀರಿಕೊಂಡಾಗ ಆ ಸೀರೆ ತೆಗೆದುಕೊಂಡು ಹೋದವಳು ಅವಳ ಮಗಳು, ನಿನ್ನ ಭಾಗಿ ಅತ್ತೆ. ಅದನ್ನು ತನ್ನ ಕೌದಿಗೇ ಹೊಲಿದುಕೊಂಡಿದ್ದಾಳೆ. ಮೇಲಾಗಿ, ಹಲಸಿನ ಮರದ ಜಗಳವಾದಾಗಿನಿಂದ ನಮ್ಮಿಬ್ಬರಿಗೂ ಮಾತಿಲ್ಲ.

ಆದರೂ ನಿನಗಾಗಿ ಮಾನ ಬಿಟ್ಟು ಹೋದೆ. "ಭಾಗೀ, ಅಂಗೈಯಷ್ಟು ತುಂಡು ಕೊಡೇ ಮಾರಾಯ್ತಿ, ಹುಟ್ಟೋ ಕೂಸಿಗೆ" ಅಂದೆ. ಅವಳು ಮೊರದಲ್ಲಿ ಅಕ್ಕಿ ಕೇರುತ್ತಲೇ, "ಆಯಿ ಕನಸಲ್ಲಿ ಬಂದಿದ್ಲು ಅತ್ತಿಗೆ. ಯಾರು ಕೇಳಿದ್ರೂ ಕೊಡಬೇಡ ಅಂದ್ಲು" ಎಂದಳು.

"ನನ್ನ ಕನಸಿಗೂ ಬಂದಿದ್ಲು. ಭಾಗಿ ಕೊಡ್ತಾಳೆ ಹೋಗು ಅಂದ್ಲು."

"ನಮ್ಮ ಆಯಿ ಎರಡು ಮನೇಲಿ ಎರಡು ಮಾತು ಹೇಳ್ತಾಳಾ?"

"ಬದುಕಿದ್ದಾಗ ಮತ್ತೆಂತ ಮಾಡ್ತಿದ್ಲೇ!"

ಅವಳಿಗೆ ನಗು ಬಂತು, ಮೊರ ಅಡ್ಡ ಹಿಡಿದಳು. ಸೀರೆ ಮಾತ್ರ ಕೊಡಲಿಲ್ಲ.

ಮನೆಗೆ ಬಂದು ಹಿರಿಯರ ಮೂಲೆಯಲ್ಲಿ ದೀಪ ಹಚ್ಚಿ, ಹಿರಿಯರೆಂದು ಇಟ್ಟ ತೆಂಗಿನಕಾಯಿಯ ಮುಂದೆ ಕುಳಿತು ಅತ್ತೆಯನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. "ಕಡಲು ದಾಟಿ ಬಂದ ಸಿದ್ದಿಗಳು ನಾವು ಅಂತ ಮೆರೀತಿದ್ಯಲ್ಲ, ಮಗಳ ಮನೆ ಬೇಲಿ ದಾಟೂಕೆ ಆಗೂದಿಲ್ವ ನಿಂಗೆ?" ಅವಳಿದ್ದಾಗ ಹೀಗೆ ಬಾಯಿ ಬಿಟ್ಟಿದ್ದರೆ ನನ್ನ ಗತಿ ಮುಗಿಯುತ್ತಿತ್ತು.

ಆಮೇಲೆ ಹೊಲಿಯಲು ಕೂತೆ. ನಿನ್ನ ಹಳೇ ಲಂಗ, ಅಪ್ಪನ ಲುಂಗಿ, ನನ್ನ ರವಿಕೆಯ ತೋಳು ಎಲ್ಲ ಸೇರಿದವು. ಅಂಚಿನಿಂದ ಒಳಕ್ಕೆ ಹೊಲಿಯುತ್ತ ಹೋಗುವುದಲ್ಲವೇ, ಕೊನೆಗೆ ನಟ್ಟನಡುವೆ ಅಂಗೈಯಷ್ಟು ಜಾಗ ಖಾಲಿ ಉಳಿಯಿತು. ಅದನ್ನು ನೋಡುತ್ತಿದ್ದಾಗ ಉಪಾಯ ಹೊಳೆಯಿತು. ಮೂಲೆಗಳಿಗೆ ಬಟ್ಟೆ ಮಡಚಿ ಹಚ್ಚುವ ಫೂಲ ಹಚ್ಚಲೇ ಇಲ್ಲ. ಕೌದಿಯನ್ನು ಹಾಗೇ ಒಯ್ದು ಭಾಗಿಯ ಅಂಗಳಕ್ಕೆ ಎದುರಾಗಿ ಬೇಲಿಯ ಮೇಲೆ ಹರವಿದೆ.

ಫೂಲವಿಲ್ಲದ ಕೌದಿ ಎಂದರೆ ಬೆತ್ತಲೆ ಕೌದಿ. ನೀರಿಗೆ ಹೊರಟ ಹೆಂಗಸರು ಮುಖ ತಿರುಗಿಸಿಕೊಂಡು ಹೋದರು. ಪಕ್ಕದ ಮನೆಯ ಖತೀಜಾಬಿ ನಿಂತೇಬಿಟ್ಟಳು. "ಎಂತ ಮಂಕಾಳೀ, ಸಿದ್ದಿ ಹೆಂಗಸಾಗಿ ಕೌದಿನ ಹೀಗೆ ಬೀದಿಗೆ ಬಿಡೂದುಂಟಾ?"

"ಉಡ್ಸೂಕೆ ಬಟ್ಟೆ ಕೊಡೋರು ಬೇಕಲ್ಲ!" ಎಂದು ಭಾಗಿಗೆ ಕೇಳುವಂತೆ ಕೂಗಿದೆ. ನಿನ್ನ ಅಪ್ಪ ನಾಚಿಕೊಂಡು ಅದರ ಮೇಲೆ ತಮ್ಮ ಟವೆಲ್ ಹೊದಿಸಿದರು. ನಾನು ಎಳೆದುಹಾಕಿದೆ.

ಊಟದ ಹೊತ್ತಿಗೆ ಭಾಗಿ ಬಂದಳು, ಹೆಗಲಲ್ಲಿ ತನ್ನ ಕೌದಿ, ಕೈಯಲ್ಲಿ ಕತ್ತರಿ. "ನಮ್ಮನೆ ಕೂಸಿನ ಕೌದಿ ಊರೆದುರು ಬೆತ್ಲೆ ಮಲಗಿದೆ, ಮರ್ಯಾದೆ ಉಂಟಾ ನಿಂಗೆ ಅತ್ತಿಗೆ?" ಎಂದು ಬೈಯುತ್ತಲೇ ಕೂತು ತನ್ನ ಕೌದಿಯ ಹೊಲಿಗೆ ಬಿಚ್ಚಿದಳು. ಹಸಿರು ತುಂಡನ್ನು ಕೆನ್ನೆಗೆ ಒತ್ತಿಕೊಂಡು, "ಇದಿಲ್ದೆ ನಂಗೆ ನಿದ್ದೆ ಬರೂದಿಲ್ಲ" ಎಂದು ಅತ್ತಳು. ನನಗೂ ಅಳು ಬಂತು. ಆಮೇಲೆ ಇಬ್ಬರೂ ಸೇರಿ ನಡುವೆ ಅಜ್ಜಿಯನ್ನು ಕೂರಿಸಿ, ಫೂಲ ಹಚ್ಚಿ ಮುಗಿಸಿದೆವು. ಭಾಗಿ ಹಚ್ಚಿದ ಫೂಲ ಸೊಟ್ಟಗಿವೆ, ಹೇಳಲು ಹೋಗಬೇಡ.

ಭಾನುವಾರದ ಬಸ್ಸಿಗೆ ಅವಳೇ ಕೌದಿ ತರುತ್ತಾಳೆ. ಮೀನುಸಾರು ಮಾಡಿ ಬಡಿಸು.

ಊರಿಗೆಲ್ಲ ನಾಚಿಕೆಗೆಟ್ಟವಳಾದ ನಿನ್ನ ಆಯಿ,
ಮಂಕಾಳಿ

ತಾ.ಕ.: ಇದನ್ನು ಓದಿ ಒಲೆಗೆ ಹಾಕು. ಭಾಗಿ ಕೊಟ್ಟ ತುಂಡಿನ ಅಂಚಿನಲ್ಲಿ ಕೆಂಪು ದಾರದ ತೇಪೆ ಇತ್ತು. ಅದು ನನ್ನ ಮದುವೆಯ ದಿನ ನನ್ನ ಸೀರೆಗೆ ನನ್ನ ತಾಯಿ ಹಾಕಿದ್ದು. ಅತ್ತೆ ತೀರಿಕೊಂಡಾಗ ಮನೆಯ ಬಟ್ಟೆಯೆಲ್ಲ ಒಗೆದು ಒಟ್ಟಿಗೆ ಒಣಹಾಕಿದ್ದೆವು, ಅವಳದೂ ನನ್ನದೂ ಎರಡು ಹಸಿರು ಸೀರೆ ಅಲ್ಲೇ ಅದಲುಬದಲಾಗಿವೆ. ಮದುವೆ ಸೀರೆ ಎಂದು ನಾನು ಮಡಿಕೆಯನ್ನೂ ಬಿಚ್ಚದೆ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದಿದ್ದು ನಿನ್ನ ಅಜ್ಜಿಯದು! ಅದರಿಂದ ಒಂದು ತುಂಡು ಕತ್ತರಿಸಿ ಕೌದಿಯ ಅಡಿಗೆ ಹಚ್ಚಿದ್ದೇನೆ. ಉಳಿದ ಸೀರೆಯನ್ನು ಭಾಗಿಗೆ ಕೊಡೋಣವೆಂದರೆ, ಬೇಡ ಅನ್ನಿಸುತ್ತದೆ. ಇಷ್ಟು ವರ್ಷ ತಾನು ಕೆನ್ನೆಯಿಟ್ಟು ಮಲಗಿದ್ದು ನನ್ನ ಸೆರಗಿಗೆ ಎಂದು ಗೊತ್ತಾದರೆ, ಮತ್ತೆ ಮಾತು ಬಿಟ್ಟುಬಿಟ್ಟಾಳು.