ಆಮೆಯ ದೀಪ

ಜುಲೈ ೯, ಮಂಗಳವಾರ

ನೆರೆದಿರುವ ಮಹಾಜನಗಳೇ, ಅಂದರೆ ಗೋಡೆ ಕುರ್ಚಿಗಳೇ, ಕೇಳಿ. ಮಗಳ ಆಮೆ ವಾರದಿಂದ ಏನೂ ತಿಂದಿಲ್ಲ. ಸೊಪ್ಪು ಹಿಡಿದು ರಾಜಗಾಂಭೀರ್ಯದಿಂದ ಬೇಡಿದೆ, ಗದರಿಸಿದೆ, ಹಟಮಾರಿ ಎಂದು ಬೈದೆ. ಅದು ತಲೆ ಹೊರಗೆ ಹಾಕಲಿಲ್ಲ.

ಇವತ್ತು ಪಶುವೈದ್ಯರು ಮುಟ್ಟಿ ನೋಡಿ, "ಮೈ ತಣ್ಣಗಿದೆಯಲ್ಲಮ್ಮ. ಬೆಚ್ಚಗಾಗದೆ ಇದಕ್ಕೆ ಹಸಿವೇ ಆಗಲ್ಲ. ಬಿಸಿ ದೀಪ ಹಾಕ್ತಿಲ್ವಾ?" ಎಂದರು.

"ದಿನಾ ಹಾಕಿಟ್ಟೇ ಕೆಲಸಕ್ಕೆ ಹೋಗ್ತೀನಿ ಡಾಕ್ಟ್ರೇ. ನೋಡ್ಕೊಳ್ಳೋಕೆ ಅಪ್ಪ ಇರ್ತಾರಲ್ಲ," ಎಂದಳು ಮಗಳು.

ರಂಗದ ಮೇಲೆ ಸಾವಿರ ಜನರೆದುರು ಗುಡುಗಿದ ನಾನು ಮೆಲ್ಲಗೆ ಮಗಳ ಬೆನ್ನ ಹಿಂದೆ ಸರಿದೆ. ದಿನಾ ಅವಳು ಕೆಲಸಕ್ಕೆ ಹೋದೊಡನೆ ಆ ದೀಪ ಕಳಚಿ, ಕನ್ನಡಿಯ ಪಕ್ಕ ಇಟ್ಟುಕೊಂಡು ನಾಟಕದ ಅಭ್ಯಾಸ ಮಾಡಿ, ಅವಳು ಬರುವಷ್ಟರಲ್ಲಿ ತಿರುಗಿ ಸಿಕ್ಕಿಸುತ್ತಿದ್ದವನು ನಾನು. ಮುಖಕ್ಕೆ ಬೆಳಕು ಚೆನ್ನಾಗಿ ಬೀಳುತ್ತಿತ್ತು.

ನಾಳೆ ಬೆಳಗ್ಗೆ ಅವಳು ಚಪ್ಪಲಿ ಮೆಟ್ಟುವ ಮೊದಲೇ ಹೇಳಿಬಿಡುತ್ತೇನೆ, ತಗ್ಗಿದ ದನಿಯಲ್ಲಿ, ಆಮೆಯ ಎದುರೇ.