ಮೂವತ್ತಾರು ಸೌಟು ಎಣ್ಣೆ

ಗದಗ, ವಿಜಯದಶಮಿಯ ಮರುದಿನ, ೨೧೯೧

ಅಡಿವೆಪ್ಪಜ್ಜನವರಿಗೆ, ನಿಮ್ಮ ಮರಿಮೊಮ್ಮಗಳ ಮೊಮ್ಮಗಳು ನೀಲಗಂಗಾ ಮಾಡುವ ನಮಸ್ಕಾರಗಳು. ನೀವಿರುವ ಕಾಲದಿಂದ ಎಣಿಸಿದರೆ ನಾನು ಹುಟ್ಟುವುದಕ್ಕೆ ಇನ್ನೂ ನೂರು ವರ್ಷ ಬಾಕಿ ಇದೆ. ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಬೂದುಬಣ್ಣದ ಪೆಟ್ರೋಲ್ ಕಾರು ಇನ್ನೂ ಓಡುತ್ತಿದೆ. ವರ್ಷಕ್ಕೆ ಒಂದೇ ದಿನ, ದಶಮಿಯಂದು, ಓಣಿಯ ಹಿರಿಯರನ್ನು ಬನ್ನಿಗಿಡದವರೆಗೆ ಕರೆದೊಯ್ಯುತ್ತದೆ. ಅದು ಬಿಡುವ ನೀಲಿ ಹೊಗೆಯನ್ನು ನಾವು ಕಾರಿನ ಸ್ವಭಾವವೆಂದೇ ತಿಳಿದಿದ್ದೆವು. ಹೋದ ವರ್ಷ ಹೊಗೆಸಭೆ ಶುರುವಾಯಿತು. ಸಭೆಯವರೆಂದರೆ ಊರಿನ ಗಾಳಿ ಕಾಯುವ ಪಂಚರು. ಸೈಲೆನ್ಸರಿನ ಬಾಯಿಗೆ ಬಿಳಿ ಬಟ್ಟೆ ಹಿಡಿದು, ಕಲೆ ಬಿದ್ದರೆ ಮೊದಲ ಸಲ ಎಚ್ಚರಿಸುತ್ತಾರೆ, ಎರಡನೆಯ ಸಲ ಇಂಜಿನ್ನನ್ನೇ ಬಿಚ್ಚಿ ಒಯ್ಯುತ್ತಾರೆ. ನಮಗೆ ಎಚ್ಚರಿಕೆ ಆಗಿಹೋಗಿತ್ತು.

ಆರು ತಿಂಗಳು ಕೂತು ಪಿಸ್ಟನ್ ರಿಂಗು, ವಾಲ್ವಿನ ಸೀಲು ಎಲ್ಲವನ್ನೂ ಹೊಸದಾಗಿ ಕೂರಿಸಿ, ಎಣ್ಣೆಯನ್ನು ಗೆರೆಯವರೆಗೆ ತುಂಬಿದೆ. ಹೊಗೆ ನಿಂತಿತು, ನಾನು ಹಿಗ್ಗಿದೆ. ಆದರೆ ನವಮಿಯ ಪೂಜೆ ಮುಗಿಸಿ ನಿನ್ನೆ ಬೆಳಿಗ್ಗೆ ಚಾಲೂ ಮಾಡಿದರೆ ಮತ್ತೆ ಅದೇ ನೀಲಿ ಹೊಗೆ! ಸಭೆಯವರು ಬರಲು ಒಂದು ತಾಸು ಉಳಿದಿತ್ತು. ಬಾನೆಟ್ ಎತ್ತಿ ಒಂದೊಂದೇ ಭಾಗ ತಡಕಾಡಿದೆ. ಕೊನೆಗೆ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದೆ. ಎಣ್ಣೆ ಮೇಲಿನ ಗೆರೆ ದಾಟಿ ಮೂರು ಬೆರಳು ಏರಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ನಮ್ಮಲ್ಲೊಂದು ಪದ್ಧತಿಯಿದೆ: ಆಯುಧಪೂಜೆಗೆ ಓಣಿಯ ಮೂವತ್ತಾರು ಮನೆಯವರೂ ಬಂದು ಒಂದೊಂದು ಸೌಟು ಇಂಜಿನ್ ಎಣ್ಣೆಯನ್ನು ಭಕ್ತಿಯಿಂದ ಸುರಿಯುತ್ತಾರೆ. ಹೆಚ್ಚಾದ ಎಣ್ಣೆ ಒಳಗೆ ಕಡೆದಂತಾಗಿ ನೊರೆಯೆದ್ದು, ಪೆಟ್ರೋಲಿನ ಜೊತೆ ತಾನೂ ಉರಿಯುತ್ತಿತ್ತು. ಅತಿಯಾದರೆ ಅಮೃತವೂ ವಿಷ.

ತಳದ ಬೋಲ್ಟ್ ಸಡಿಲಿಸಿ ಎಣ್ಣೆ ಇಳಿಸುವುದು ಸುಲಭ. ಬಸಲಿಂಗವ್ವ ಅತ್ತೆಯ ಮುಖ ನೋಡುವುದು ಕಷ್ಟವಾಯಿತು. ತೊಂಬತ್ತೊಂದು ವರ್ಷದ ಆಕೆ ಎಪ್ಪತ್ತು ವರ್ಷಗಳಿಂದ ಮೊದಲ ಸೌಟು ಹಾಕುತ್ತ ಬಂದವಳು. “ಎಣ್ಣಿ ಹಾಕಿದ್ದ ತಪ್ಪಾತೇನವಾ?” ಎಂದಳು. ನನಗೆ ಅಳುವೇ ಬಂತು. ತಪ್ಪಲ್ಲ, ಹೆಚ್ಚಾಯಿತು ಅಷ್ಟೇ ಎಂದು ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ಪಂಚರ ಬಟ್ಟೆ ಬಿಳಿಯಾಗಿಯೇ ಉಳಿಯಿತು.

ಸಂಜೆ ಈ ಪದ್ಧತಿಯ ಮೂಲ ಹುಡುಕಿದೆ. ನಿಮ್ಮ ಕೈಬರಹದ ಚೀಟಿ ಸಿಕ್ಕಿತು: “ಪ್ರತಿ ನವಮಿಗೆ ಹೊಸ ಎಣ್ಣೆ ಹಾಕಿ.” ಅಜ್ಜಾ, ಹಳೆಯದನ್ನು ಮೊದಲು ಇಳಿಸಬೇಕೆಂದು ನೀವು ಬರೆಯಲೇ ಇಲ್ಲ! ಆ ಒಂದು ಸಾಲು ಸೇರಿಸಿರೆಂದು ಕೇಳಲು ಈ ಕಾಗದ ಶುರು ಮಾಡಿದೆ. ಈಗ ಬೇಡವೆನಿಸುತ್ತಿದೆ. ಬರೆದುಬಿಟ್ಟರೆ ಅದು ಯಾರೋ ಒಬ್ಬರ ರಿಪೇರಿ ಕೆಲಸವಾಗಿಬಿಡುತ್ತದೆ; ಮೂವತ್ತಾರು ಮನೆಯವರು ಸೌಟು ಹಿಡಿದು ನಮ್ಮ ಅಂಗಳಕ್ಕೆ ಏಕೆ ಬಂದಾರು? ಚೀಟಿ ಇದ್ದ ಹಾಗೆಯೇ ಇರಲಿ. ಇಳಿಸುವ ಕೆಲಸ ನಾನು ನೋಡಿಕೊಳ್ಳುತ್ತೇನೆ.