ಅವಳ ನಂಬರು ಹೊಸಬನ ಕೊರಳಲ್ಲಿ

ಸೋಮವಾರ, ರಾತ್ರಿ

ವಿಚಾರಣೆ ಮಾಡುತ್ತೇವೆ ಎಂದರು ಆಡಳಿತದವರು, ಮಾಡಲಿಲ್ಲ. ನಮ್ಮ ಸಂಘದ ಆಪರೇಟರ್ ಹುಡುಗಿಯ ಮಾತು ಕೇಳುತ್ತೇವೆ ಎಂದರು, ಕೇಳಲಿಲ್ಲ. ತೀರ್ಮಾನವಾಗುವವರೆಗೆ ಅವಳ ಜಾಗ ಅವಳದೇ ಎಂದರು. ಇವತ್ತು ಅವಳ ಬ್ಯಾಡ್ಜ್ ನಂಬರು ಹೊಸಬನೊಬ್ಬನ ಕೊರಳಲ್ಲಿ ನೇತಾಡುತ್ತಿತ್ತು.

ಅವಳ ತಪ್ಪಾದರೂ ಏನು? ಸರ್ವರಿನಲ್ಲಿ ಒಂದು ಪ್ರೋಗ್ರಾಂ ಕೆಟ್ಟು ಕೂತಿತ್ತು. ಓಡುವ ಪ್ರತಿ ಪ್ರೋಗ್ರಾಮಿಗೂ ಯಂತ್ರ ಒಂದು ನಂಬರು ಕೊಡುತ್ತದಂತೆ. ಅದರ ನಂಬರು ನೋಡಿಕೊಂಡಳು, ಮೇಲ್ವಿಚಾರಕನ ಒಪ್ಪಿಗೆಗೆ ಅರ್ಧ ದಿನ ಕಾದಳು, ಆಮೇಲೆ ಆ ನಂಬರಿನದನ್ನು ನಿಲ್ಲಿಸಿದಳು. ಅಷ್ಟರಲ್ಲಿ ಅದು ತಾನೇ ಸತ್ತು, ಅದೇ ನಂಬರು ಟಿಕೆಟ್ ಬುಕಿಂಗಿನ ಪ್ರೋಗ್ರಾಮಿಗೆ ಸಿಕ್ಕಿತ್ತು. ಬುಕಿಂಗ್ ನಿಂತುಹೋಯಿತು.

ನನ್ನ ತಲೆಗೆ ಹತ್ತುತ್ತಿಲ್ಲ. ಒಂದು ನಂಬರು ಇಬ್ಬರಿಗೆ ಹೇಗೆ? ಸಂಜೆ ಅವಳನ್ನೇ ಕೇಳಿದೆ.

"ಮುಗಿದ್ಮೇಲೆ ನಂಬರು ಖಾಲಿ ತಾನೇ ಅಣ್ಣ? ಎಣಿಕೆ ಒಂದು ಸುತ್ತು ಬಂದಾಗ ಇನ್ನೊಂದಕ್ಕೆ ಸಿಗತ್ತೆ. ಮೊದಲಿನ ಮುನ್ನೂರು ಮಾತ್ರ ಮತ್ತೆ ಹಂಚಲ್ಲ. ಅದು ಯಂತ್ರದ ಸ್ವಂತ ಕೆಲಸಕ್ಕೆ."

"ನೋಡು, ಅಲ್ಲೂ ದೊಡ್ಡೋರಿಗೇ ಮುಂದಿನ ಸಾಲು!" ಎಂದು ಗುಡುಗಿದೆ.

"ಸುಮ್ನಿರಣ್ಣ, ಘೋಷಣೆ ಆಮೇಲೆ ಕೂಗು. ಹುಟ್ಟಿಸಿದ್ದು ಸತ್ತು ಅನಾಥವಾದ ಪ್ರೋಗ್ರಾಮುಗಳನ್ನೆಲ್ಲ ಸಾಕೋದೇ ಆ ಸಾಲಿನ ಒಂದನೇ ನಂಬರು."

ಇನ್ನೊಂದು ಮಾತನ್ನೂ ಹೇಳಿದಳು. ಪ್ರೋಗ್ರಾಂ ಸತ್ತರೂ, ಅದನ್ನು ಹುಟ್ಟಿಸಿದ ಪ್ರೋಗ್ರಾಂ ಬಂದು ಸಾವನ್ನು ವಿಚಾರಿಸಿಕೊಳ್ಳುವವರೆಗೆ ಯಂತ್ರ ಆ ನಂಬರನ್ನು ಯಾರಿಗೂ ಕೊಡುವುದಿಲ್ಲವಂತೆ.

ಹಾಗಾದರೆ ನಾನು ಯಂತ್ರವನ್ನು ಬೈಯಲೋ, ಸಾಕ್ಷಿಗೆ ಕರೆಯಲೋ? ಅದು ಸತ್ತದ್ದಕ್ಕೂ ವಿಚಾರಣೆ ಮುಗಿಯಲಿ ಎಂದು ಕಾಯುತ್ತದೆ. ಈ ಬಡ್ಡಿಮಕ್ಕಳು ಬದುಕಿರುವವಳಿಗೆ ಕಾಯಲಿಲ್ಲ. ಗೇಟಿನ ಮುಂದಿನ ಸಂಘದ ಸಭೆಯಲ್ಲಿ ಇದನ್ನು ಹೇಗೆ ಹೇಳುವುದೋ ತಿಳಿಯದು. ನಾನು ಬಾಯಿ ಹಾಕುವುದಿಲ್ಲ, ಅವಳೇ ಹೇಳಲಿ. ಸಭೆ ಗುರುವಾರ, ಸಂಜೆ ಆರಕ್ಕೆ.